ಆ ಸಣ್ಣ ಜಾಹೀರಾತುಗಳೂ ಇತಿಹಾಸವೇ, ಮೇಷ್ಟ್ರೇ

ಹೋದ ತಿಂಗಳು ಅಮೆರಿಕದ ಗುಲಾಮರ ಕುಟುಂಬಗಳ ಬಗ್ಗೆ ನಾಲ್ಕು ಪುಟದ ಲೇಖನ ಹಾಕಿದ್ದೆವು. ಅದನ್ನು ಓದಿ ಸಾಗರದ ಒಬ್ಬರು ನಿವೃತ್ತ ಇತಿಹಾಸ ಮೇಷ್ಟ್ರು ಕಾಗದ ಬರೆದಿದ್ದಾರೆ. ಅವರ ಮಾತು ಇಷ್ಟು: ‘1865ರಲ್ಲಿ ಅಮೆರಿಕದ ಸಂವಿಧಾನಕ್ಕೆ 13ನೇ ತಿದ್ದುಪಡಿ ಬಂತು, ಗುಲಾಮಗಿರಿ ಹೋಯಿತು. ಇತಿಹಾಸ ಅಂದರೆ ಅದು. ಯಾರ ಗಂಡ ಯಾರನ್ನು ಹುಡುಕಿದ, ಯಾರ ತಾಯಿ ಎಲ್ಲಿ ಹೋದಳು ಅನ್ನೋದು ಮನೆ ಗೋಳು. ಪೇಪರಿನ ಸಣ್ಣ ಜಾಹೀರಾತು ನಂಬಿಕೊಂಡು ನಾಲ್ಕು ಪುಟ ಯಾಕೆ ಹಾಳು ಮಾಡಿದಿರಿ?’

ಮೇಷ್ಟ್ರೇ, ಕಾನೂನು ದೊಡ್ಡದು ಅನ್ನೋದನ್ನು ಒಪ್ಪುತ್ತೇನೆ. ಅದಿಲ್ಲದೆ ಏನೂ ಆಗುತ್ತಿರಲಿಲ್ಲ. ಆದರೆ ಉಳಿದ ಮಾತನ್ನು ನಾನು ಒಪ್ಪಲಾರೆ. ಇಷ್ಟು ವರ್ಷ ಮಕ್ಕಳಿಗೆ ಪಾಠ ಹೇಳಿದವರು ನೀವು. ನಿಮ್ಮ ಕೈಯಿಂದ ಇಂಥ ಕಾಗದ ಬಂದಿದ್ದು ನನಗೆ ಬೇಸರವೇ ಆಯಿತು.

ನಮ್ಮಜ್ಜಿಗೆ ಓದಲು ಬರುತ್ತಿರಲಿಲ್ಲ. ಬೆಳಗ್ಗೆ ಪೇಪರ್ ಬಂದ ಕೂಡಲೇ ನನ್ನನ್ನು ಕೂರಿಸಿಕೊಂಡು ‘ಕಾಣೆಯಾಗಿದ್ದಾರೆ’ ಅನ್ನೋ ಜಾಹೀರಾತುಗಳನ್ನು ಮಾತ್ರ ಓದಿಸುತ್ತಿದ್ದಳು. ಅವಳ ತಮ್ಮ ಹುಡುಗನಾಗಿದ್ದಾಗ ಜಾತ್ರೆಗೆ ಹೋದವನು ತಿರುಗಿ ಬಂದಿರಲಿಲ್ಲ. ಎತ್ತರ, ಮೈಬಣ್ಣ, ಹಣೆ ಮೇಲಿನ ಗಾಯದ ಗುರುತು, ಎಲ್ಲವನ್ನೂ ಎರಡೆರಡು ಸಲ ಓದಿಸುತ್ತಿದ್ದಳು. ಅವನನ್ನು ಯಾರೂ ಮಾರಿರಲಿಲ್ಲ, ನನಗೆ ಗೊತ್ತು. ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಆದರೆ ಪೇಪರನ್ನು ಹಿಂದಿನ ಪುಟದಿಂದ ಓದೋದನ್ನು ನಾನು ಕಲಿತಿದ್ದು ಅಲ್ಲಿ.

ಈಗ ನೀವು ಬೇಡ ಅಂದ ಜಾಹೀರಾತುಗಳಿಗೆ ಬರೋಣ. ನ್ಯೂ ಆರ್ಲಿಯನ್ಸ್‌ನಲ್ಲಿ ‘ಸೌತ್‌ವೆಸ್ಟರ್ನ್ ಕ್ರಿಶ್ಚಿಯನ್ ಅಡ್ವೊಕೇಟ್’ ಅಂತ ಒಂದು ಚರ್ಚ್ ಪತ್ರಿಕೆ ಇತ್ತು. 1877ರಲ್ಲಿ ಅದು ‘ಕಳೆದುಹೋದ ಸ್ನೇಹಿತರು’ ಅನ್ನೋ ಅಂಕಣ ಶುರು ಮಾಡಿತು. ಒಂದು ಜಾಹೀರಾತಿಗೆ 50 ಸೆಂಟ್. ಸುಮಾರು 500 ಪಾದ್ರಿಗಳಿಗೆ, 800 ಅಂಚೆ ಕಚೇರಿಗಳಿಗೆ, 4,000ಕ್ಕೂ ಜಾಸ್ತಿ ಮನೆಗಳಿಗೆ ಆ ಪತ್ರಿಕೆ ಹೋಗುತ್ತಿತ್ತು. ಓದಲು ಬಾರದವರೇ ಹೆಚ್ಚಿದ್ದರು. ಅದಕ್ಕೇ ಪ್ರಾರ್ಥನೆಗೆ ಬಂದವರ ಮುಂದೆ ಇವನ್ನು ಗಟ್ಟಿಯಾಗಿ ಓದಿ ಅಂತ ಪಾದ್ರಿಗಳನ್ನು ಕೇಳಿಕೊಂಡಿದ್ದರು.

ಆ ಜಾಹೀರಾತುಗಳಲ್ಲಿ ಇರುತ್ತಿದ್ದದ್ದು ಏನು? ನನ್ನ ತಾಯಿಯ ಹೆಸರು ಇದು. ನಮ್ಮ ಧಣಿ ಇಂಥವನು. ಅವನು ಸತ್ತಾಗ ಆಸ್ತಿ ಪಾಲಾಯಿತು, ನಾನು ಮಗನ ಪಾಲಿಗೆ ಬಂದೆ, ಅಕ್ಕ ಮಗಳ ಪಾಲಿಗೆ ಹೋದಳು. ಆಮೇಲೆ ನನ್ನನ್ನು ವ್ಯಾಪಾರಿಗೆ ಮಾರಿದರು. ಆಗ ನನ್ನ ಹೆಸರು ಅದು, ಈಗ ಇದು. ಈ ಧಾಟಿಯಲ್ಲಿ ಸಾಗುತ್ತವೆ. ಬಿಡುಗಡೆಯಾಗಿ ಇಪ್ಪತ್ತು, ಮೂವತ್ತು ವರ್ಷವಾದರೂ ಬರುತ್ತಲೇ ಇದ್ದವು. ಒಡಹುಟ್ಟಿದವರನ್ನು ಹುಡುಕಲು ಹಳೇ ಧಣಿಯ ಹೆಸರನ್ನೇ ಹೇಳಬೇಕಿತ್ತು, ನೋಡಿ. ಬೇರೆ ವಿಳಾಸವೇ ಇರಲಿಲ್ಲ.

ಯಾಕೆ ಇರಲಿಲ್ಲ? 1850 ಮತ್ತು 1860ರ ಜನಗಣತಿಯಲ್ಲಿ ಗುಲಾಮರನ್ನು ಬೇರೆ ಪಟ್ಟಿಯಲ್ಲಿ ಎಣಿಸಿದರು. ಧಣಿಯ ಹೆಸರು ಬರೆದು, ಅದರ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ. ಹೆಸರು ಬರೆದಿದ್ದು ತೀರಾ ಅಪರೂಪ. 1860ರಲ್ಲಿ ಹೀಗೆ ಎಣಿಸಿದ್ದು ಸುಮಾರು 40 ಲಕ್ಷ ಜನರನ್ನು. ಇವತ್ತಿಗೂ ಕರಿಯ ಅಮೆರಿಕನ್ನರು ತಮ್ಮ ವಂಶ ಹುಡುಕುತ್ತಾ ಹೋದರೆ 1870ರ ಗಣತಿಯ ಹತ್ತಿರ ಗೋಡೆ ಎದುರಾಗುತ್ತದೆ. ಆ ಗೋಡೆಯ ಆಚೆಗಿನ ಅಮ್ಮ, ಅಣ್ಣ, ತಂಗಿಯರ ಹೆಸರು ಎಷ್ಟೋ ಸಲ ಸಿಗೋದು ನೀವು ಬೇಡ ಅಂದ ಇಂಥ ಜಾಹೀರಾತುಗಳಲ್ಲಿ.

ಕಾನೂನು ಬಂತು, ಎಲ್ಲ ಮುಗಿಯಿತು ಅಂದಿರಿ. ಮೇರಿಲ್ಯಾಂಡ್ ರಾಜ್ಯದಲ್ಲಿ ಗುಲಾಮಗಿರಿ ಹೋಗಿದ್ದು ಆ ತಿದ್ದುಪಡಿಗೂ ಮೊದಲೇ, ರಾಜ್ಯದ್ದೇ ಸಂವಿಧಾನದಿಂದ, 1864ರ ನವೆಂಬರ್ 1ಕ್ಕೆ. ಆ ವಾರವೇ ಹಳೇ ಧಣಿಗಳು ಬಿಡುಗಡೆಯಾದವರ ಮಕ್ಕಳನ್ನು ಕೋರ್ಟಿಗೆ ಎಳೆದುಕೊಂಡು ಹೋದರು. ‘ಕೆಲಸ ಕಲಿಯಲು’ ಅಂತ ಕಾಗದ ಮಾಡಿಸಿ ತಮ್ಮ ಮನೆಗೇ ವಾಪಸ್ ಕಟ್ಟಿಹಾಕಿಕೊಂಡರು. ತಾಯಂದಿರು ಬಾಗಿಲಲ್ಲಿ ನಿಂತು ಅತ್ತರು. ಎಲಿಜಬೆತ್ ಟರ್ನರ್ ಅನ್ನೋ ಹುಡುಗಿಯ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಸಾಲ್ಮನ್ ಚೇಸ್ ಇದು ತಪ್ಪು ಅಂತ ತೀರ್ಪು ಕೊಟ್ಟಿದ್ದು 1867ರಲ್ಲಿ. ಮೂರು ವರ್ಷ, ಮೇಷ್ಟ್ರೇ! ಇದು ಮನೆ ಗೋಳೋ, ಇತಿಹಾಸವೋ?

ಗುಲಾಮರಿಗೆ ಸಂಸಾರದ ಬಗ್ಗೆ ಅಷ್ಟೇನೂ ಅಂಟಿರಲಿಲ್ಲ ಅಂತ ಆಗಿನ ಧಣಿಗಳು ಹೇಳುತ್ತಿದ್ದರು. ಗಂಡ ಹೆಂಡತಿಯ ಮದುವೆಗೆ ಕಾನೂನಿನ ಬೆಲೆಯೇ ಇರಲಿಲ್ಲ. ‘ಸಾವು ಅಗಲಿಸುವವರೆಗೆ’ ಅನ್ನೋ ಮಾತಿಗೆ ಪಾದ್ರಿಗಳು ‘ಸಾವು ಅಥವಾ ದೂರ’ ಅಂತ ಸೇರಿಸುತ್ತಿದ್ದರು. ಹೀಗಿದ್ದರೂ 1865ರಲ್ಲಿ ಜಾನ್ ಡೆನೆಟ್ ಅನ್ನೋ ವರದಿಗಾರನಿಗೆ ನಾರ್ತ್ ಕೆರೊಲಿನಾದ ದಾರಿಯಲ್ಲಿ ಒಬ್ಬಾತ ಸಿಕ್ಕಿದ. ಜಾರ್ಜಿಯಾದಿಂದ ಸುಮಾರು 600 ಮೈಲಿ ನಡೆದು ಬಂದಿದ್ದ. ಮಾರಾಟದಲ್ಲಿ ಅಗಲಿದ ಹೆಂಡತಿ ಮಕ್ಕಳನ್ನು ಹುಡುಕುತ್ತಿದ್ದ. ಅಂಟಿಲ್ಲದವರು ಹೀಗೆ ನಡೆಯುತ್ತಾರಾ?

ಸಿಕ್ಕಿದ ಮೇಲೂ ಎಲ್ಲ ಸರಿಹೋಗುತ್ತಿರಲಿಲ್ಲ. ಲಾರಾ ಸ್ಪೈಸರ್ ಅನ್ನೋ ಹೆಂಗಸನ್ನೂ ಮಕ್ಕಳನ್ನೂ ಗಂಡನಿಂದ ದೂರಕ್ಕೆ ಮಾರಿದ್ದರು. ಬಿಡುಗಡೆಯಾದ ಮೇಲೆ ಆಕೆ ಗಂಡನಿಗೆ ಬರೆದಳು. ಅಷ್ಟರಲ್ಲಿ ಆಕೆ ಸತ್ತಳೆಂದು ನಂಬಿ ಆತ ಬೇರೆ ಮದುವೆಯಾಗಿದ್ದ. ಆ ಸಂಸಾರದಲ್ಲೂ ಮಕ್ಕಳಾಗಿದ್ದವು. ಬಂದು ನೋಡಿದರೆ ತಡೆದುಕೊಳ್ಳಲು ಆಗಲ್ಲ, ನೀನು ಒಳ್ಳೆಯವನೊಬ್ಬನನ್ನು ಮದುವೆಯಾಗು ಅಂತ ಆತ ಉತ್ತರ ಬರೆಸಿದ. ಅದೇ ಕಾಗದಗಳಲ್ಲಿ ಅವಳ ಮೇಲಿನ ಪ್ರೀತಿಯನ್ನೂ ಬರೆಸಿದ. ಮಕ್ಕಳ ಕೂದಲು ಸ್ವಲ್ಪ ಕಳಿಸು, ಬೇರೆ ಕಾಗದದಲ್ಲಿ ಸುತ್ತಿ ಮೇಲೆ ಅವರ ಹೆಸರು ಬರಿ ಅಂತ ಕೇಳಿದ. ಈ ಭಾಗ ಟೈಪ್ ಮಾಡುವಾಗ ನನ್ನ ಕೈ ನಿಂತುಹೋಯಿತು. ಇದನ್ನು ಯಾವ ತಿದ್ದುಪಡಿ ಸರಿ ಮಾಡುತ್ತಿತ್ತು, ಹೇಳಿ.

ನಿಮ್ಮೊಬ್ಬರನ್ನೇ ಅಂದು ಏನು ಪ್ರಯೋಜನ? ನಮ್ಮ ಪಾಠಪುಸ್ತಕಗಳೇ ಹಾಗೆ. ಇಸವಿ, ಯುದ್ಧ, ಕಾಯ್ದೆ. ನಿಮ್ಮೂರಿಂದ ಹೆಚ್ಚೇನೂ ದೂರವಿಲ್ಲದ ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿ ಸಿದ್ದಿಯರಿದ್ದಾರೆ. ಅವರ ಪೂರ್ವಿಕರಲ್ಲಿ ಅನೇಕರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ಗುಲಾಮರಾಗಿ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಅವರು ಆಫ್ರಿಕಾದಲ್ಲಿ ಬಿಟ್ಟುಬಂದ ಅಪ್ಪ ಅಮ್ಮನ ಹೆಸರು ಯಾವ ಪುಸ್ತಕದಲ್ಲಿದೆ? ನಮ್ಮ ಎಷ್ಟು ಶಾಲೆಗಳಲ್ಲಿ ಮಕ್ಕಳಿಗೆ ಈ ಮಾತು ಹೇಳುತ್ತಾರೆ? ಪತ್ರಿಕೆಯವರಾದ ನಮ್ಮ ತಪ್ಪೂ ಇದರಲ್ಲಿದೆ. ಪುಟ ಸಾಲದೆ ಹೋದಾಗ ಮೊದಲು ಕತ್ತರಿ ಬೀಳೋದು ಓದುಗರ ಪತ್ರಕ್ಕೆ. ಜನ ತಮ್ಮ ಬಾಯಲ್ಲಿ ತಾವೇ ಮಾತಾಡೋ ಜಾಗ ಪತ್ರಿಕೆಯಲ್ಲಿ ಅದೊಂದೇ, ಅಲ್ವಾ?

ಮುಂದಿನ ಸಂಚಿಕೆಯಲ್ಲಿ ‘ಕಳೆದುಹೋದ ಸ್ನೇಹಿತರು’ ಅಂಕಣದ ಹತ್ತು ಜಾಹೀರಾತುಗಳನ್ನು ಕನ್ನಡಕ್ಕೆ ತಂದು ಹಾಕುತ್ತಿದ್ದೇವೆ. ಈ ಸಲವೂ ನಾಲ್ಕು ಪುಟ. ಮೊಮ್ಮಗ ಹತ್ತನೇ ಕ್ಲಾಸು ಅಂತ ಬರೆದಿದ್ದೀರಿ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಗಟ್ಟಿಯಾಗಿ ಓದಿ. ಅವನ್ನು ಬರೆಸಿದವರು ಹಾಗೆ ಓದಲಿ ಅಂತಲೇ ಬರೆಸಿದ್ದು.