ಎರಡು ವರ್ಷದಿಂದ ಅಪ್ಪ ಮಾತು ಬಿಟ್ಟಿದ್ದಾರೆ, ಹಿರಿಯರನ್ನು ಕೂಡಿಸಲೇ?

ಕೂಡಿಸಬೇಡಿ. ಮೊದಲು ಇಷ್ಟು ಹೇಳಿಬಿಡುತ್ತೇನೆ, ಕಾರಣ ಆಮೇಲೆ.

ನೀವು ಬರೆದದ್ದು ಇಷ್ಟು. ಊರು ಸಿಂಧನೂರು ಹತ್ತಿರ, ಕೆಲಸ ಬೆಂಗಳೂರಲ್ಲಿ. ಫ್ಲ್ಯಾಟಿಗೆ ದುಡ್ಡು ಬೇಕು, ಹೊಲದಲ್ಲಿ ನನ್ನ ಪಾಲು ಮಾರೋಣ ಅಂದಿರಿ. ಅಪ್ಪ ಒಪ್ಪಲಿಲ್ಲ. ತಂಗಿಯ ಮದುವೆ ಮಾತಿಗೆ ಬೀಗರು ಬಂದು ಕೂತಾಗ ಅದೇ ವಿಷಯ ಮತ್ತೆ ಎದ್ದಿತು. "ಸಾಲ ಬಿಟ್ಟರ ನೀನು ನಮಗೇನು ಮಾಡಿಟ್ಟೀ" ಅಂದುಬಿಟ್ಟಿರಿ. ಅವತ್ತಿನಿಂದ ಅಪ್ಪನ ಮಾತು ಬಂದ್. ಅವ್ವ ಮಾತ್ರ ಕದ್ದು ಫೋನ್ ಮಾಡುತ್ತಾರೆ. ಈಗ ಸೋದರಮಾವ ನಾಲ್ಕು ಜನರನ್ನು ಕೂಡಿಸಿ ನ್ಯಾಯ ಮಾಡಿಸೋಣ ಅಂತಿದ್ದಾರೆ.

ನಾನು ಮನಸ್ಸಿನ ಡಾಕ್ಟರ್ ಅಲ್ಲ. ಕಾರಟಗಿಯಲ್ಲಿ ಗೊಬ್ಬರ, ಎಣ್ಣೆ ಅಂಗಡಿ ಇಟ್ಟವನು. (ನಮ್ಮ ಕಡೆ ಎಣ್ಣೆ ಅಂದರೆ ಬೆಳೆಗೆ ಹೊಡೆಯುವ ಔಷಧ. ಬೇರೆ ಅರ್ಥ ಮಾಡಿಕೊಳ್ಳಬೇಡಿ.) ಅಂಗಡಿ ಮುಂದಿನ ಬೆಂಚಿನ ಮೇಲೆ ಅಪ್ಪಂದಿರು ಕೂತಿರುತ್ತಾರೆ, ಬೆಂಗಳೂರು, ಹೈದರಾಬಾದಿನಿಂದ ಮಕ್ಕಳು ನನಗೆ ಫೋನ್ ಮಾಡುತ್ತಾರೆ. "ಕಾಕಾ, ಅಪ್ಪ ಬಂದಿದ್ದನಾ? ಹೆಂಗದಾನ?" ಈ ಕೆಲಸ ನಾನು ಕೇಳಿ ಪಡೆದದ್ದಲ್ಲ, ಉದ್ರಿ ಪುಸ್ತಕದ ಜೊತೆ ತಾನಾಗಿ ಬಂತು.

ನಾನು ಕಂಡ ಮಟ್ಟಿಗೆ, ನಮ್ಮ ಕಡೆ ಅಪ್ಪಂದಿರು ಮಾತು ಬಿಡುವುದು ಮಗ ಏನು ಕೇಳಿದ ಅಂತ ಅಲ್ಲ, ಯಾರ ಮುಂದೆ ಕೇಳಿದ ಅಂತ. ಹೊಲ ಮಾರು ಅಂದ ಮಗನ ಜೊತೆ ಬೈದಾಡಿಕೊಂಡೇ ಒಂದೇ ಮನೆಯಲ್ಲಿ ಉಂಡವರು ಬೇಕಾದಷ್ಟು ಜನ ಇದ್ದಾರೆ. ನಿಮ್ಮ ಅಪ್ಪನಿಗೆ ತಾಗಿದ್ದು ಬೀಗರ ಮುಂದೆ ಅಂದದ್ದು. ಹೆಣ್ಣು ತಗೊಳ್ಳುವವರು, ಅದೂ ಮೊದಲ ಸಲ ಮನೆಗೆ ಬಂದವರ ಎದುರು. ಈಗ ಪಂಚರನ್ನು ಕೂಡಿಸಿದರೆ ಏನಾಗುತ್ತದೆ? ಅದೇ ಮಾತು ಇನ್ನೂ ನಾಲ್ಕು ಜನರ ಮುಂದೆ ಬಿಚ್ಚಿಕೊಳ್ಳುತ್ತದೆ. ಹಿರಿಯರು "ಹೋಗಲಿ ಬಿಡಪ್ಪ, ಹುಡುಗ" ಅಂತಾರೆ, ಅಪ್ಪ ತಲೆ ಆಡಿಸುತ್ತಾರೆ. ಮನೆಗೆ ಬಂದ ಮೇಲೆ ಮೊದಲಿಗಿಂತ ಬಿಗಿ ಆಗುತ್ತಾರೆ.

ದುಡ್ಡಿನಿಂದ ಸರಿ ಮಾಡುವ ಯೋಚನೆ ಇದ್ದರೆ ಅದನ್ನೂ ಬಿಡಿ. ನಿಮ್ಮಂಥದೇ ಒಬ್ಬ ಹುಡುಗ ಅಪ್ಪನ ಗೊಬ್ಬರದ ಬಾಕಿಯನ್ನು ಸುಮ್ನೆ ನನ್ನ ಫೋನ್‌ಪೇಗೆ ಹಾಕಿ, "ಅಪ್ಪನಿಗೆ ಹೇಳಬೇಡಿ" ಅಂದ. ಹಂಗಾಮು ಮುಗಿದ ಮೇಲೆ ಅಪ್ಪ ಲೆಕ್ಕ ಮುಟ್ಟಿಸಲು ಬಂದರು. ಪುಸ್ತಕದಲ್ಲಿ ಗೆರೆ ಹೊಡೆದಿತ್ತು. ಆ ಗೆರೆ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ಧೋತರದ ಗಂಟು ಬಿಚ್ಚಿ, ನೋಟು ಎಣಿಸಿ ಟೇಬಲ್ ಮೇಲಿಟ್ಟು, "ಇದನ್ನ ಅವಗ ಕಳಿಸು. ನನ್ನ ಹೆಸರಿನ ಮುಂದ ನನ್ನ ಕೈಯಿಂದನ ಗೆರಿ ಬೀಳಬೇಕು" ಅಂದರು. ಮಗ ಒಳ್ಳೆಯ ಮನಸ್ಸಿನಿಂದಲೇ ಕೊಟ್ಟಿದ್ದ. ಆದರೆ ಅಪ್ಪ ಕೈಲಾಗದವನು ಅಂತ ಅಂಗಡಿಯವನಿಗೂ ಗೊತ್ತಾದ ಹಾಗಾಯಿತಲ್ವಾ?

ಹಾಗಾದರೆ ಶುರು ಎಲ್ಲಿಂದ? ನಿಮ್ಮಿಬ್ಬರಿಗೂ ಸಂಬಂಧಿಸದ ಒಂದು ವಿಷಯದಿಂದ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋಯಿತು, ನೆನಪಿದೆಯಾ? ನಾಟಿ ಮಾಡಿದ ಗದ್ದೆಗಳ ಗತಿ ಏನು ಅಂತ ಎಡದಂಡೆ ಕಾಲುವೆಯವರೆಲ್ಲ ಜೀವ ಕೈಯಲ್ಲಿ ಹಿಡಿದು ಕೂತಿದ್ದೆವು. ಆ ವಾರ ನನ್ನ ಬೆಂಚಿನ ಮೇಲೆ ಕೂತವರ ಫೋನುಗಳಿಗೆ ಎಂದೂ ಬಾರದ ಮಕ್ಕಳ ಕರೆ ಬಂದವು. "ಅಪ್ಪ, ನಮ್ಮ ಕಾಲುವಿಗೆ ನೀರು ನಿಲ್ತದೇನು?" ಅಪ್ಪಂದಿರು ಉತ್ತರ ಕೊಟ್ಟರು. ಯಾಕೆಂದರೆ ಅದು ಅವರಿಗೆ ಗೊತ್ತಿರುವ ವಿಷಯ, ಕೇಳಿದವನಿಗೆ ಗೊತ್ತಿಲ್ಲದ್ದು. ನೀವೂ ಅಂಥದ್ದೇ ಕೇಳಿ. ಈ ಸಲ ಕಾಲುವೆಗೆ ನೀರು ಯಾವಾಗ ಬಿಟ್ಟರು, ಸೋನಾ ಮಸೂರಿ ಚೀಲ ಏನು ರೇಟು ಹೋಯಿತು. ಒಂದೇ ಪ್ರಶ್ನೆ. "ಹ್ಞೂಂ" ಅಂದು ಫೋನ್ ಇಟ್ಟರೂ ಅದು ಮಾತೇ. ಮುಂದಿನ ವಾರ ಮತ್ತೆ ಮಾಡಿ. ಎತ್ತದೇ ಹೋದರೆ ಬಿಡಿ, ಹಿಂದೆ ಹಿಂದೆ ಮಾಡಬೇಡಿ.

ಅವ್ವನ ಕೈಯಲ್ಲಿ ಮಾತು ಕಳಿಸುವುದನ್ನು ಮಾತ್ರ ನಿಲ್ಲಿಸಿ. ಅವರು ಎರಡೂ ಕಡೆಯ ಮಾತಿನ ಖಾರ ತೆಗೆದು, ಬೆಲ್ಲ ಹಾಕಿ ಹೇಳುತ್ತಾರೆ. ನೀವು ಹೇಳಿದ್ದು ಅಪ್ಪನಿಗೆ ಮುಟ್ಟಲ್ಲ, ಅಪ್ಪ ಹೇಳಿದ್ದು ನಿಮಗೂ ಮುಟ್ಟಲ್ಲ. ನಡುವೆ ನಿಂತು ನಿಂತು ಅವರಿಗೇ ಬಿಪಿ ಏರುತ್ತದೆ.

ದಸರಾಕ್ಕೆ ಊರಿಗೆ ಹೋಗಿ. ಬನ್ನಿ ಎಲೆ ಕೊಡುವ ಪದ್ಧತಿ ನಿಮಗೆ ನಾನು ಹೇಳಬೇಕಾಗಿಲ್ಲ. ಆ ಸಂಜೆ ಮಾತು ಬಿಟ್ಟವರು ಕೂಡ ಬನ್ನಿ ಬೇಡ ಅನ್ನಲ್ಲ. ಊರಿಗೆ ಊರೇ ಕೊಟ್ಟು ತಗೊಂಡು ಮಾಡುವಾಗ ಅಪ್ಪ ಸೋತರು ಅಂತ ಯಾರೂ ಆಡಿಕೊಳ್ಳಲ್ಲ. ಆದರೆ ಗುಡಿ ಮುಂದೆ, ಜನರ ನಡುವೆ ಕೊಡಬೇಡಿ. ಮನೆಯಲ್ಲಿ, ಅಪ್ಪ ಒಬ್ಬರೇ ಇದ್ದಾಗ ಕೊಟ್ಟು, ಕಾಲು ಮುಟ್ಟಿ ಹೇಳಿ: "ಅಪ್ಪ, ಅವತ್ತು ಬೀಗರ ಮುಂದ ಹಂಗ ಅನ್ನಬಾರದಿತ್ತು. ತಪ್ಪಾತು." ಅಲ್ಲಿಗೆ ನಿಲ್ಲಿಸಿ. "ಆದರ ನೀನೂ" ಅಂತ ಶುರು ಮಾಡಿದರೆ ಹೇಳಿದ್ದೆಲ್ಲ ನೀರುಪಾಲು. ಅಂದ ಮಾತಿಗೆ ತಪ್ಪು ಒಪ್ಪಿಕೊಳ್ಳಿ, ಬೆಂಗಳೂರಿಗೆ ಹೋದದ್ದಕ್ಕಲ್ಲ. ಅದು ತಪ್ಪೇ ಅಲ್ಲ. ಅಪ್ಪ ತಬ್ಬಿಕೊಂಡು ಅಳುತ್ತಾರೆ ಅಂತ ಕಾಯಬೇಡಿ. "ನಿಮ್ಮವ್ವಗ ಹೇಳು, ರೊಟ್ಟಿ ಬಡೀತಾಳ" ಅಂದರೆ ಅದೇ ಉತ್ತರ.

ಇನ್ನೊಂದು ಅರ್ಧ ಕೆಲಸ ಉಳಿಯುತ್ತದೆ, ಇದನ್ನು ಜಾಸ್ತಿ ಜನ ಮಾಡುವುದೇ ಇಲ್ಲ. ಮರ್ಯಾದೆ ಹೋದದ್ದು ಜನರ ಮುಂದೆ, ಅಲ್ವಾ? ವಾಪಸ್ ಕೊಡುವುದೂ ಅಲ್ಲೇ ಆಗಬೇಕು. ಕ್ಷಮೆ ಕೇಳಿ ಅಲ್ಲ. ಮುಂದೆ ಅದೇ ಬೀಗರು ಸೇರಿದಾಗ ಏನಾದರೂ ಕೇಳಿದರೆ, "ಅಪ್ಪನ್ನ ಕೇಳಿ ಹೇಳ್ತೀನಿ" ಅನ್ನಿ. ಅಪ್ಪನ ಕಿವಿಗೆ ಬೀಳುವ ಹಾಗೆ ಅನ್ನಿ. ಸಾಕು.

ಕೈ ಮಾಡುವ, ಕುಡಿದು ಬಂದು ಬಡಿಯುವ ಅಪ್ಪನ ವಿಷಯ ಬೇರೆ. ಅಲ್ಲಿಗೆ ಬನ್ನಿ ಹಿಡಿದು ಹೋಗು ಅಂತ ನಾನು ಯಾರಿಗೂ ಹೇಳಲ್ಲ. ನಿಮಗೇ ನಿದ್ದೆ, ಊಟ ಬಿಟ್ಟುಹೋಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಹೊಲದ ಮಾತು ಕೊನೆಗೆ ಬರಲಿ, ಈ ವರ್ಷ ಅಂತೂ ಬೇಡ. ಎತ್ತುವ ಮೊದಲು ಪಹಣಿ ನೋಡಿ, ಹೊಲ ಯಾರಿಂದ ಬಂದದ್ದು ತಿಳಿದುಕೊಳ್ಳಿ. ಅಪ್ಪನ ಸ್ವಂತ ದುಡಿಮೆಯದಾದರೆ ಅವರಿರುವವರೆಗೆ ನಿಮ್ಮ ಪಾಲು ಅನ್ನುವುದೇ ಇಲ್ಲ. ಪಿತ್ರಾರ್ಜಿತವಾದರೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ತಂಗಿಗೂ ನಿಮ್ಮಷ್ಟೇ ಹಕ್ಕಿದೆ. ಅಂದರೆ ನೀವು ಫ್ಲ್ಯಾಟಿಗೆ ಹಾಕಿದ ಲೆಕ್ಕದಲ್ಲಿ ತಂಗಿಯನ್ನು ಬಿಟ್ಟಿದ್ದೀರಿ. ಆ ಮಾತು ಎತ್ತುವ ದಿನ ಅವಳೂ ಕೂತಿರಲಿ. ಅಲ್ಲಿಯವರೆಗೆ ಬಿಲ್ಡರ್ ಕಾಯಲ್ಲ ಅಂದರೆ ಬಾಡಿಗೆ ಮನೆಯಲ್ಲೇ ಇರಿ.