ನಿಮ್ಮ ಲೇಖನ ಏಳನೇ ಪ್ಯಾರಾದಲ್ಲಿ ಶುರುವಾಗುತ್ತದೆ

(ಉಡುಪಿ ಕಡೆ ಸಿಸಿಟಿವಿ ಕ್ಯಾಮೆರಾ ಹಾಕುವ ಕೆಲಸ ಮಾಡುವ ಒಬ್ಬರು ನಮ್ಮ ಪತ್ರಿಕೆಗೆ ‘ಕ್ಯಾಮೆರಾ ಅಳವಡಿಸುವವರ ಆರೋಗ್ಯ ಮತ್ತು ಸುರಕ್ಷತೆ: ಅಪಾಯದ ಅಂದಾಜು ಹೇಗೆ?’ ಎಂಬ ಲೇಖನ ಕಳುಹಿಸಿದ್ದರು. ಅವರಿಗೆ ಬರೆದ ಉತ್ತರವನ್ನು ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಇಲ್ಲಿ ಕೊಡುತ್ತಿದ್ದೇನೆ. ಬರೆಯಲು ಹೊರಟ ಬೇರೆಯವರಿಗೂ ಉಪಯೋಗವಾದೀತು.)

ನಮಸ್ಕಾರ.

ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಬಿಟ್ಟುಬಿಡಲೂ ನನಗೆ ಮನಸ್ಸಿಲ್ಲ. ಯಾಕೆ ಅಂತ ಬಿಡಿಸಿ ಬರೆಯುತ್ತೇನೆ. ಮಾತು ಸ್ವಲ್ಪ ಕಟುವಾಯಿತು ಅನ್ನಿಸಿದರೆ ಬೇಸರ ಮಾಡಿಕೊಳ್ಳಬೇಡಿ.

ಮೊದಲ ಆರು ಪ್ಯಾರಾಗಳಲ್ಲಿ ನೀವು ಕಾಣುವುದೇ ಇಲ್ಲ. ಅಪಾಯ ಗುರುತಿಸುವುದು, ಯಾರಿಗೆ ಪೆಟ್ಟಾಗಬಹುದು ಎಂದು ನೋಡುವುದು, ಅಳೆದು ಕ್ರಮ ಕೈಗೊಳ್ಳುವುದು, ಬರೆದಿಡುವುದು, ಆಗಾಗ ಮತ್ತೆ ನೋಡುವುದು ಅಂತ ಐದು ಹಂತ ಕೊಟ್ಟಿದ್ದೀರಿ. ತಪ್ಪಿಲ್ಲ. ಬ್ರಿಟನ್ನಿನ ಸುರಕ್ಷತಾ ಇಲಾಖೆ ವರ್ಷಗಟ್ಟಲೆ ಹೇಳಿಕೊಂಡು ಬಂದ ಹಂತಗಳೇ ಅವು. ಆಮೇಲೆ ಒಂದು ಕೋಷ್ಟಕ. ಅವಘಡ ಆಗುವ ಸಂಭವಕ್ಕೆ ಒಂದರಿಂದ ಐದು ಅಂಕ, ಪೆಟ್ಟಿನ ಜೋರಿಗೆ ಒಂದರಿಂದ ಐದು, ಎರಡನ್ನೂ ಗುಣಿಸಿದರೆ ಬರುವ ಸಂಖ್ಯೆ. ‘ಎತ್ತರದ ಕೆಲಸ 15, ವಿದ್ಯುತ್ 12, ಧೂಳು 6.’

ಯಾವ ಎತ್ತರ? ಯಾರ ಮನೆ? ಏಣಿ ನಿಂತದ್ದು ಎಲ್ಲಿ, ಇಂಟರ್‌ಲಾಕ್ ಕಲ್ಲುಹಾಸಿನ ಮೇಲೋ, ಹಸಿ ಮಣ್ಣಿನ ಮೇಲೋ? ಈ ಕೋಷ್ಟಕವನ್ನು ಮಲ್ಪೆ ಬಂದರಿನ ಮೀನಿನ ಶೆಡ್ಡಿಗೂ ಅಂಟಿಸಬಹುದು, ಮಣಿಪಾಲದ ಫ್ಲ್ಯಾಟಿಗೂ ಅಂಟಿಸಬಹುದು. ಅಂದರೆ ಇದನ್ನು ತುಂಬುವಾಗ ನೀವು ಯಾವ ಜಾಗವನ್ನೂ ಕಣ್ಣಮುಂದೆ ಇಟ್ಟುಕೊಂಡಿರಲಿಲ್ಲ. ಲೇಖನ ಸೋತಿರುವುದು ಇಲ್ಲಿಯೇ. ರಿಸ್ಕ್ ಅಸೆಸ್‌ಮೆಂಟ್ (ಅಪಾಯದ ಅಂದಾಜು) ಕಾಗದಗಳು ಸೋಲುವುದೂ ಇಲ್ಲಿಯೇ. ಆಫೀಸಿನಲ್ಲಿ ಕೂತು ಹಳೆಯ ಹಾಳೆಯ ಮೇಲೆ ತಾರೀಕು ಮಾತ್ರ ಬದಲಿಸಿದರೆ, ಏಣಿ ಹತ್ತುವವನಿಗೆ ಅದರಿಂದ ಏನು ಸಿಕ್ಕಿತು ಹೇಳಿ?

ಆಮೇಲೆ ಏಳನೇ ಪ್ಯಾರಾ ಬಂತು. ನಿಮ್ಮದೇ ವಾಕ್ಯಗಳನ್ನು ಇಲ್ಲಿ ಬರೆಯುತ್ತೇನೆ: ‘ಮಳೆ ನಿಂತು ಹತ್ತು ನಿಮಿಷ ಆಗಿತ್ತು. ನನ್ನ ಜೊತೆಯ ಹುಡುಗ ಶೂ ಕಳಚಿ ಏಣಿಯ ಬುಡದಲ್ಲಿಟ್ಟು ಬರಿಗಾಲಲ್ಲಿ ಹತ್ತಿದ. ಮನೆಯವರು ಆಗಷ್ಟೇ ಜಗಲಿ ಒರೆಸಿದ್ದರು.’

ಇಷ್ಟು ಓದಿದ ಕೂಡಲೇ ನಾನು ನೆಟ್ಟಗೆ ಕೂತೆ. ಆ ಹುಡುಗನಿಗೆ ಶೂ ತೆಗಿ ಅಂತ ಯಾರೂ ಹೇಳಲಿಲ್ಲ, ಅಲ್ವಾ? ಹೇಳಬೇಕಾಗಿಯೂ ಇಲ್ಲ. ನಮ್ಮೂರಲ್ಲಿ ಇನ್ನೊಬ್ಬರ ಜಗಲಿಯನ್ನು ಕೆಸರು ಕಾಲಲ್ಲಿ ತುಳಿಯಲು ಯಾವ ಮಗನಿಗೂ ಮನಸ್ಸು ಬಾರದು. ಅವನ ಮರ್ಯಾದೆಯೇ ಅವನನ್ನು ಒದ್ದೆ ಅಲ್ಯೂಮಿನಿಯಂ ಮೆಟ್ಟಿಲ ಮೇಲೆ ಬರಿಗಾಲಲ್ಲಿ ನಿಲ್ಲಿಸಿತು. ಯಾವ ಫಾರಂನಲ್ಲೂ ಇದಕ್ಕೆ ಕಾಲಂ ಇಲ್ಲ. ಇದನ್ನು ನೀವು ಕಣ್ಣಾರೆ ಕಂಡಿದ್ದೀರಿ. ಆದರೆ ಮುಂದಿನ ವಾಕ್ಯದಲ್ಲೇ ‘ಇಂತಹ ಸಂದರ್ಭಗಳಲ್ಲಿ ಸೂಕ್ತ ಪಾದರಕ್ಷೆ ಧರಿಸುವುದು ಅತ್ಯಗತ್ಯವಾಗಿರುತ್ತದೆ’ ಎಂದು ಬರೆದು ಬಾಗಿಲು ಹಾಕಿಬಿಟ್ಟಿರಿ. ಆಮೇಲೆ ಏನಾಯಿತು? ಅವನು ಜಾರಿದನೇ? ನೀವು ಏಣಿ ಹಿಡಿದಿದ್ದಿರಾ, ಒಳಗೆ ಡಿವಿಆರ್ (ಕ್ಯಾಮೆರಾದ ದೃಶ್ಯ ದಾಖಲಿಸುವ ಪೆಟ್ಟಿಗೆ) ಹತ್ತಿರ ಇದ್ದಿರಾ? ಮನೆಯವರಿಗೆ ‘ಅಮ್ಮಾ, ಜಗಲಿಗೆ ಒಂದು ಗೋಣಿ ಹಾಕಿ, ಹುಡುಗ ಶೂ ಹಾಕಿಯೇ ಹತ್ತಬೇಕು’ ಅಂತ ಹೇಳಬಹುದಿತ್ತು ಎಂದು ಆಮೇಲಾದರೂ ಹೊಳೆಯಿತೇ? ಇದನ್ನೆಲ್ಲ ಬರೆಯಿರಿ. ನಿಮ್ಮ ಲೇಖನ ಶುರುವಾಗಬೇಕಾದದ್ದು ಇಲ್ಲಿಂದ.

ಈ ವಿಷಯ ನನಗೆ ಯಾಕೆ ಇಷ್ಟು ತಾಗುತ್ತದೆ ಎಂದು ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ವಠಾರಕ್ಕೆ ಕ್ಯಾಮೆರಾ ಹಾಕಲು ಇಬ್ಬರು ಹುಡುಗರು ಬಂದಿದ್ದರು. ಸ್ಕೂಟರ್ ಶೆಡ್ಡಿನ ಮೇಲೆ ಸಿಮೆಂಟ್ ಶೀಟು. ಕೇಬಲ್ ಎಳೆಯಲು ಅದರ ಮೇಲೆ ಹೋಗಬೇಕಿತ್ತು. ಒಬ್ಬ ಹುಡುಗ ಕೆಳಗೆ ನೋಡಿ ‘ಸರ್, ಶೀಟು ಗಟ್ಟಿ ಉಂಟಾ?’ ಅಂತ ಕೇಳಿದ. ‘ಗಟ್ಟಿ ಉಂಟು ಮಾರಾಯಾ, ಹತ್ತು’ ಅಂದವನು ನಾನು. ನನಗೆ ಆ ಶೀಟಿನ ಬಗ್ಗೆ ಏನೂ ಗೊತ್ತಿರಲಿಲ್ಲ. ಎರಡನೇ ಹೆಜ್ಜೆಗೆ ಶೀಟು ಒಡೆದು ಅವನು ನೇರ ಕೆಳಗೆ ಬಂದ. ಕಾಲ ಮೇಲೆ ಬಿದ್ದದ್ದರಿಂದ ಹಿಮ್ಮಡಿಯ ಮೂಳೆ ಒಡೆಯಿತು. ತಿಂಗಳುಗಟ್ಟಲೆ ಕೆಲಸವಿಲ್ಲದೆ ಕೂತ. ಅವನು ಕೇಳಿದ ಆ ಒಂದು ಪ್ರಶ್ನೆಯೇ ಅವತ್ತಿನ ರಿಸ್ಕ್ ಅಸೆಸ್‌ಮೆಂಟ್ ಆಗಿತ್ತು. ಉತ್ತರ ಕೊಟ್ಟವನು ನಾನು, ತಪ್ಪು ಉತ್ತರ ಕೊಟ್ಟೆ.

ಅದಕ್ಕೇ ನಿಮ್ಮ ಲೇಖನದಲ್ಲಿ ‘ಛಾವಣಿ’ ಅಂತ ಒಂದೇ ಶಬ್ದ ಕಂಡಾಗ ನನಗೆ ಸಮಾಧಾನ ಆಗಲಿಲ್ಲ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಈ ಕರಾವಳಿಯಲ್ಲಿ ಮನೆ ಎಂದರೆ ಹಂಚಿನ ಮಾಡು ಎಂದೇ ಆಯಿತು. ಈಗ ಅದರ ಪಕ್ಕದಲ್ಲೇ ಟೆರೇಸು, ಟೆರೇಸಿನ ಮೇಲೆ ತಗಡು, ಹಿತ್ತಲಲ್ಲಿ ಸಿಮೆಂಟ್ ಶೀಟು. ನಾಲ್ಕಕ್ಕೂ ನಾಲ್ಕು ಬಗೆಯ ಅಪಾಯ. ಹಂಚು ಕೈಯಾಡಿಸುವ ಹಿರಿಯರು ಪಕ್ಕಾಸು (ಹಂಚನ್ನು ಹೊರುವ ಮರದ ತೊಲೆ) ಎಲ್ಲಿದೆ ಎಂದು ನೋಡಿಯೇ ಕಾಲಿಡುತ್ತಾರೆ. ಕೇಬಲ್ ಎಳೆಯುವ ಹುಡುಗನಿಗೆ ಅದನ್ನು ಯಾರು ಕಲಿಸಿದರು? ಸಿಮೆಂಟ್ ಶೀಟಿನ ಮೇಲಂತೂ ಬೋಲ್ಟಿನ ಸಾಲು ನೋಡಿ ನಡೆದರೆ ಸಾಕು ಎಂಬ ನಂಬಿಕೆಯೇ ಅಪಾಯ. ಅದರ ಮೇಲೆ ಹತ್ತಲೇಬಾರದು. ಹತ್ತಲೇಬೇಕಾದರೆ ಕೆಳಗಿನ ಅಡ್ಡಪಟ್ಟಿಗಳ ಮೇಲೆ ಭಾರ ಬೀಳುವ ಹಾಗೆ ಗಟ್ಟಿ ಹಲಗೆ ಹಾಸಬೇಕು. ಹಳೆಯ ಶೀಟುಗಳಲ್ಲಿ ಕಲ್ನಾರು (ಆಸ್ಬೆಸ್ಟಸ್) ಇರುತ್ತದೆ. ಅದಕ್ಕೆ ಡ್ರಿಲ್ ಹಾಕಿದರೆ ಏಳುವ ಧೂಳು ಶ್ವಾಸಕೋಶಕ್ಕೆ ಹೋಗಿ ವರ್ಷಗಳಾದ ಮೇಲೆ ಕಾಯಿಲೆಯಾಗಿ ಎದ್ದುಬರಬಹುದು. ‘ಧೂಳು 6’ ಅಂತ ಬರೆದಿದ್ದೀರಲ್ಲ, ಯಾವ ಧೂಳು ಎಂದು ಹೇಳದೆ ಆ ಆರಕ್ಕೆ ಅರ್ಥವಿಲ್ಲ.

ಈಗ ನೇರವಾಗಿ ತಪ್ಪಾಗಿರುವ ಎರಡು ಕಡೆ.

‘ಕ್ಯಾಮೆರಾ 12 ವೋಲ್ಟಿನದ್ದಾದ್ದರಿಂದ ಶಾಕ್‌ನ ಭಯವಿಲ್ಲ’ ಎಂದು ಬರೆದಿದ್ದೀರಿ. ಕ್ಯಾಮೆರಾಕ್ಕೆ ಹೋಗುವುದು 12 ವೋಲ್ಟ್ ನಿಜ, ಪಿಒಇ (ನೆಟ್‌ವರ್ಕ್ ಕೇಬಲಿನಲ್ಲೇ ಕರೆಂಟು ಕೊಡುವ ಬಗೆ) ಆದರೆ 48ರ ಆಸುಪಾಸು. ಆದರೆ ಮನೆಯ ಕರೆಂಟನ್ನು 12 ವೋಲ್ಟಿಗೆ ಇಳಿಸುವ ಎಸ್‌ಎಂಪಿಎಸ್ ಪೆಟ್ಟಿಗೆಗೆ ಬರುವುದು 230 ವೋಲ್ಟ್. ಕೈಯಲ್ಲಿರುವ ಡ್ರಿಲ್ಲಿಂಗ್ ಮಿಷನ್ ಓಡುವುದು 230ರಲ್ಲಿ. ಗೋಡೆಯೊಳಗೆ ಕಾಣದೆ ಕೂತ ವಯರಿನಲ್ಲೂ 230. ಸ್ವಿಚ್ ಬೋರ್ಡಿನ ನೇರ ಮೇಲೆ ತೂತು ಕೊರೆಯಬಾರದು ಅಂತ ನಿಮಗೆ ಗೊತ್ತೇ ಇದೆ, ಅದನ್ನು ಬರೆಯಿರಿ. ಎಕ್ಸ್‌ಟೆನ್ಷನ್ ಬಾಕ್ಸಿನಲ್ಲಿ 30 ಮಿಲಿ ಆಂಪಿಯರ್ ಸೋರಿಕೆಗೆ ಲೈನ್ ಕಡಿಯುವ ಆರ್‌ಸಿಸಿಬಿ ಇರಲಿ ಅಂತ ಬರೆಯಿರಿ, ಹಳೆಯ ಮನೆಗಳಲ್ಲಿ ಅದು ಇರುವುದಿಲ್ಲ. ಇನ್ನೊಂದು. ನೆಲದ ಮೇಲೆ ನಿಂತವನಿಗೆ ‘ಚುರ್’ ಅನ್ನುವ ಸಣ್ಣ ಶಾಕು ಏಣಿಯ ಮೇಲಿದ್ದವನನ್ನು ಬೀಳಿಸಲು ಸಾಕು. ಕಾಂಕ್ರೀಟಿನಲ್ಲಿ ಸರಳಿಗೆ ಬಿಟ್ ಸಿಕ್ಕಿಕೊಂಡು ಮಿಷನ್ ಕೈ ತಿರುಚಿದರೂ ಅಷ್ಟೇ. ಕೋಷ್ಟಕದಲ್ಲಿ ‘ವಿದ್ಯುತ್’ ಬೇರೆ, ‘ಎತ್ತರ’ ಬೇರೆ. ಗೋಡೆಯ ಮುಂದೆ ಎರಡೂ ಒಟ್ಟಿಗೇ ಬರುತ್ತವೆ.

ಎರಡನೆಯದು ‘ಸೇಫ್ಟಿ ಬೆಲ್ಟ್ ಕಟ್ಟಿಕೊಂಡರೆ ಎತ್ತರದ ಅಪಾಯ ನಿವಾರಣೆಯಾಗುತ್ತದೆ’ ಎಂಬ ವಾಕ್ಯ. ಇದನ್ನು ಹೊಡೆದುಹಾಕಿ. ಸೊಂಟಕ್ಕೆ ಮಾತ್ರ ಕಟ್ಟುವ ಬೆಲ್ಟು ಬಿದ್ದವನ ಬೆನ್ನು ಮುರಿಯಬಹುದು. ಇಡೀ ಮೈಗೆ ಹಾಕುವ ಹಾರ್ನೆಸ್ ಬೇಕು. ಅದಕ್ಕೂ ಒಂದು ಲೆಕ್ಕವಿದೆ. ಹಗ್ಗ ಎರಡು ಮೀಟರ್. ಬಿದ್ದಾಗ ಜಗ್ಗು ತಡೆಯುವ ಪಟ್ಟಿ ಬಿಚ್ಚಿಕೊಂಡು ಇನ್ನೂ ಒಂದೂಮುಕ್ಕಾಲು ಮೀಟರ್ ತನಕ ಉದ್ದವಾಗಬಹುದು. ಹಗ್ಗ ಸಿಕ್ಕಿಸಿದ ಜಾಗದಿಂದ ಕೆಳಗೆ ಆಳಿನ ಮೈ, ಅದರ ಕೆಳಗೆ ಸ್ವಲ್ಪ ಖಾಲಿ ಜಾಗ. ಎಲ್ಲ ಸೇರಿ ಸುಮಾರು ಆರು ಮೀಟರ್, ಅಂದರೆ ಇಪ್ಪತ್ತು ಅಡಿ ಕೆಳಗೆ ಖಾಲಿ ಬೇಕು. ನೀವು ದಿನಾ ಕೆಲಸ ಮಾಡುವ ಮನೆಗಳ ಸನ್‌ಶೇಡ್ ಎಷ್ಟು ಎತ್ತರ? ಹತ್ತು, ಹನ್ನೊಂದು ಅಡಿ. ಹಗ್ಗ ಹಿಡಿದು ನಿಲ್ಲಿಸುವ ಮೊದಲೇ ಅವನು ಅಂಗಳದಲ್ಲಿರುತ್ತಾನೆ. ಅಲ್ಲಿ ಬೇಕಾದದ್ದು ಅಂಚಿನ ತನಕ ಹೋಗಲೇ ಬಿಡದ ಗಿಡ್ಡ ಹಗ್ಗ, ಅಥವಾ ನಿಲ್ಲಲು ಅಗಲ ಹಲಗೆಯಿರುವ ಅಟ್ಟ. ಕ್ಯಾಮೆರಾವನ್ನೇ ಎರಡಡಿ ಕೆಳಗೆ ಹಾಕಿದರೂ ಮುಖ ಕಾಣುತ್ತದೆ ಎಂದಾದರೆ ಅದೇ ಎಲ್ಲಕ್ಕಿಂತ ಒಳ್ಳೆಯದು. ನನಗೆ ಈ ಮಾತು ನಿಮ್ಮ ಬಾಯಿಂದ ಬರಬೇಕಿತ್ತು.

ಏಣಿಯ ಬಗ್ಗೆ ನೀವು ಎರಡೇ ಸಾಲು ಬರೆದಿದ್ದೀರಿ. ಜಾಸ್ತಿ ಬರೆಯಿರಿ, ದಿನಪೂರ್ತಿ ನಿಮ್ಮ ಜೀವ ಅದರ ಮೇಲೆಯೇ ಇರುತ್ತದೆ. ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ಬುಡ ಹೊರಗೆ, ಟೆರೇಸಿಗೆ ಹತ್ತುವುದಾದರೆ ಅಂಚಿನಿಂದ ಮೂರಡಿ ಮೇಲೆ ಏಣಿ ಚಾಚಿರಬೇಕು, ಮೇಲಿನ ತುದಿ ಕಟ್ಟಿರಬೇಕು. ಇವು ಎಲ್ಲಾ ಕಡೆಯವರಿಗೂ ಅನ್ವಯ. ನಮ್ಮ ಊರಿನ ಓದುಗರಿಗೆ ಇನ್ನೊಂದು ಹೇಳಿ. ಅಡಿಕೆ ಕೊಯ್ಯುವ ಅಲ್ಯೂಮಿನಿಯಂ ದೋಟಿ ಕರೆಂಟಿನ ತಂತಿಗೆ ತಾಗಿ ಜನ ಸತ್ತ ಸುದ್ದಿ ಇಲ್ಲಿ ಕೇಳದವರಿಲ್ಲ. ನಿಮ್ಮ ಏಣಿಯೂ ಅದೇ ಲೋಹ. ಗೇಟಿನಿಂದ ಅದನ್ನು ನೆಟ್ಟಗೆ ಎತ್ತಿಕೊಂಡು ನಡೆದರೆ, ಮೇಲೆ 11 ಕೆವಿ (ಹನ್ನೊಂದು ಸಾವಿರ ವೋಲ್ಟ್) ಲೈನ್ ಇದ್ದರೆ, ಅದೂ ದೋಟಿಯೇ. ಮಲಗಿಸಿ, ಇಬ್ಬರು ಹಿಡಿದು ಒಯ್ಯಿರಿ ಎಂದು ಬರೆದರೆ ತೋಟದ ಮನೆಯವರಿಗೂ ತಟ್ಟನೆ ಅರ್ಥವಾಗುತ್ತದೆ.

ಕಾನೂನಿನ ಪ್ಯಾರಾ ಬಗ್ಗೆ ಹೆಚ್ಚು ಹೇಳುವುದಿಲ್ಲ. ‘1974ರ ಕಾಯ್ದೆ’ ಅಂದಿದ್ದೀರಿ, ಅದು ಬ್ರಿಟನ್ನಿನದ್ದು. ಐದು ಅಥವಾ ಜಾಸ್ತಿ ಜನ ದುಡಿಯುವಲ್ಲಿ ಬರೆದಿಡಲೇಬೇಕು ಎಂಬ ನಿಯಮವೂ ಅಲ್ಲಿಯದ್ದೇ. ಹಾಗೆಂದು ಹೇಳಿ, ಇಲ್ಲವಾದರೆ ಓದುವವರು ನಮ್ಮದೇ ಎಂದುಕೊಳ್ಳುತ್ತಾರೆ. ನಮ್ಮ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆ ಮುಖ್ಯವಾಗಿ ಹತ್ತು ಮತ್ತು ಹೆಚ್ಚು ಜನರಿರುವ ಸಂಸ್ಥೆಗಳನ್ನು ನೋಡುತ್ತದೆ. ನಿಮ್ಮ ಹಾಗೆ ಇಬ್ಬರು ಮೂವರು ಹುಡುಗರ ಅಂಗಡಿಗೆ ಇನ್‌ಸ್ಪೆಕ್ಟರ್ ಬಂದು ಕೇಳುವುದಿಲ್ಲ. ಕೇಳುವವರು ಆ ಹುಡುಗರ ಮನೆಯವರು ಮಾತ್ರ.

‘ಪ್ರತಿಕೂಲ ಹವಾಮಾನದಲ್ಲಿ ಕೆಲಸ ಮಾಡಬಾರದು’ ಎಂಬ ಸಾಲಿಗೆ ನನ್ನ ತಕರಾರಿದೆ. ಇಲ್ಲಿ ಜೂನಿನಿಂದ ಸೆಪ್ಟೆಂಬರ್ ತನಕ ಮಳೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಬೀಳುವ ಊರಲ್ಲಿ ನಾಲ್ಕು ತಿಂಗಳು ಮನೆಯಲ್ಲಿ ಕೂತರೆ ಹುಡುಗರ ಹೊಟ್ಟೆ ತುಂಬುವುದು ಹೇಗೆ? ಆಟಿ ತಿಂಗಳಲ್ಲೇ (ಜುಲೈ-ಆಗಸ್ಟ್) ಕಳ್ಳತನದ ಭಯ ಜಾಸ್ತಿ ಅಂತ ಗಿರಾಕಿಗಳು ಫೋನ್ ಮಾಡುತ್ತಾರೆ ಎಂದು ನೀವೇ ಬರೆದಿದ್ದೀರಿ. ಹಾಗಾದರೆ ಮಾಡಬಾರದು ಎನ್ನುವುದಕ್ಕಿಂತ ಏನು ಮಾಡಬಹುದು ಅಂತ ಹೇಳಿ. ಮಳೆಯ ದಿನ ಒಳಗಿನ ಕೇಬಲ್, ಡಿವಿಆರ್, ಮೊಬೈಲಿಗೆ ಜೋಡಿಸುವ ಕೆಲಸ. ಹೊರಗಿನದ್ದು ಬಿಸಿಲು ಬಂದು ಹಾವಸೆ ಒಣಗಿದ ಮೇಲೆ. ಗುಡುಗು ಕೇಳಿದ ಕೂಡಲೇ ಏಣಿ, ಕಂಬ, ಕೇಬಲ್ ಎಲ್ಲ ಬಿಟ್ಟು ಒಳಗೆ. ಗಿರಾಕಿಗೆ ಇದನ್ನು ಮೊದಲೇ ಹೇಗೆ ಹೇಳುತ್ತೀರಿ, ಅವರು ಒಪ್ಪದಿದ್ದರೆ ಏನು ಮಾಡುತ್ತೀರಿ, ಕೆಲಸ ಪಕ್ಕದ ಅಂಗಡಿಗೆ ಹೋಗುತ್ತದೆ ಎಂಬ ಭಯವನ್ನು ಹೇಗೆ ನುಂಗುತ್ತೀರಿ? ಇಡೀ ಲೇಖನದಲ್ಲಿ ಅತ್ಯಂತ ಕಷ್ಟದ ಜಾಗ ಇದು. ನೀವು ಅದರ ಹತ್ತಿರವೇ ಸುಳಿಯಲಿಲ್ಲ.

ಭಾಷೆಯ ಬಗ್ಗೆ ಒಂದೇ ಮಾತು. ನೀವು ಫೋನಿನಲ್ಲಿ ಚೆನ್ನಾಗಿ ಮಾತಾಡುತ್ತೀರಿ, ಬರೆಯಲು ಕೂತರೆ ಸುತ್ತೋಲೆಯ ಹಾಗೆ ಆಗುತ್ತೀರಿ. ಹೊಸ ಹುಡುಗನಿಗೆ ಮೊದಲ ದಿನ ಏಣಿಯ ಬುಡದಲ್ಲಿ ನಿಂತು ಏನು ಹೇಳುತ್ತೀರೋ ಅದನ್ನೇ ಬರೆಯಿರಿ. ಕೋಷ್ಟಕ ಬೇಡ. ಒಂದು ಮನೆ ಆಯ್ದುಕೊಳ್ಳಿ. ಗೇಟು ದಾಟಿದಲ್ಲಿಂದ ಹಿಡಿದು ಸಾಮಾನು ಕಟ್ಟಿ ಹೊರಡುವ ತನಕ ಏನೇನು ನೋಡುತ್ತೀರಿ, ಯಾರನ್ನು ಏನು ಕೇಳುತ್ತೀರಿ, ಎಲ್ಲಿ ‘ಇವತ್ತು ಬೇಡ’ ಅನ್ನುತ್ತೀರಿ ಎಂದು ತೋರಿಸಿ. ಸಾವಿರ ಪದ ಸಾಕು.

ಮೇ ಮೊದಲ ವಾರದೊಳಗೆ ಕಳುಹಿಸಿದರೆ ಮಳೆ ಹಿಡಿಯುವ ಮೊದಲೇ ಪ್ರಕಟಿಸುತ್ತೇನೆ. ಲೇಖನಕ್ಕೆ ಬೇಕೋ ಬೇಡವೋ, ನನಗಂತೂ ತಿಳಿಯಬೇಕು: ಆ ಹುಡುಗ ಈಗ ಶೂ ಹಾಕಿಕೊಂಡೇ ಹತ್ತುತ್ತಾನಾ?

ನಿಮ್ಮ,
ಸಂಪಾದಕ