ಬಟಾಣಿ ಮೇಲೆ ಬಂತು, ಬೀನ್ಸ್ ಎಲ್ಲೋಯ್ತು?

ಪ್ರಶ್ನೆ: ಚಳಿಗಾಲ ಮುಗೀತು ಅಂತ ಎರಡು ದಿನದ ಬಿಸಿಲು ನಂಬ್ಕೊಂಡು ಬಟಾಣಿ, ಬೀನ್ಸ್ ಎರಡೂ ಒಂದೇ ದಿನ ಬಿತ್ತಿದೆ. ಮಾರನೇ ದಿನದಿಂದಲೇ ಒಂದು ವಾರ ಮಳೆ, ಥಂಡಿ. ಬಟಾಣಿ ನಿಧಾನಕ್ಕೆ ಎದ್ದಿದೆ, ಬೀನ್ಸ್ ಮಡಿ ಮಾತ್ರ ಖಾಲಿ. ಬೀಜಾನೇ ಸರಿ ಇರ್ಲಿಲ್ವಾ?

ಉತ್ತರ: ಪಾಪ, ಬೀಜಕ್ಕೆ ಯಾಕೆ ಬೈತೀರಿ. ಮೊದ್ಲು ಬೆರಳಲ್ಲಿ ಮಣ್ಣು ಕೆದಕಿ ಒಂದೆರಡು ಬೀಜ ಈಚೆ ತೆಗೀರಿ. ಗಟ್ಟಿಯಾಗಿದ್ರೆ ಕಾಯಿರಿ. ಹಿಚುಕಿದ ತಕ್ಷಣ ಸಿಪ್ಪೆ ಜಾರಿ ಒಳಗಿಂದ ಲೋಳೆ ಬಂದು ಗಬ್ಬು ವಾಸನೆ ಹೊಡೆದ್ರೆ ಆ ಮಡಿ ಆಸೆ ಬಿಡಿ. ಒಣಗಿದ ಬೀನ್ಸ್ ಬೀಜ ಮೊದಲನೇ ಸಲ ನೀರು ಹೀರೋವಾಗ ಆ ನೀರು ತುಂಬಾ ತಣ್ಣಗಿದ್ರೆ ಒಳಗಿನ ಜೀವಕೋಶಗಳ ಪೊರೆ ಕೆಟ್ಟು ಸಕ್ಕರೆ ಅಂಶ ಎಲ್ಲಾ ಮಣ್ಣಿಗೆ ಸೋರತ್ತೆ, ಫಂಗಸ್‌ಗೆ ಅದೇ ಊಟ. ಎರಡು ದಿನ ಬಿಸಿಲು ಬಂದ್ರೆ ಗಾಳಿ ಬಿಸಿಯಾಗತ್ತೆ ಹೊರತು ಮಣ್ಣು ಅಷ್ಟು ಬೇಗ ಆಗಲ್ಲ, ಎಲ್ಲರೂ ಮೋಸ ಹೋಗೋದು ಇಲ್ಲೇ. ಒಂದು ಥರ್ಮಾಮೀಟರ್ 5 ಸೆಂ.ಮೀ. ಆಳಕ್ಕೆ ಚುಚ್ಚಿ ಬೆಳಿಗ್ಗೆ ಹೊತ್ತು ನೋಡಿ, ಮಧ್ಯಾಹ್ನದ ಲೆಕ್ಕ ಬೇಡ. ಬಟಾಣಿಗೆ 7–8 ಡಿಗ್ರಿ ಇದ್ರೂ ನಡೆಯತ್ತೆ, ಬೀನ್ಸ್‌ಗೆ ನಾಲ್ಕೈದು ದಿನ ಸತತವಾಗಿ 16 ದಾಟ್ಬೇಕು. ಆಮೇಲೆ ಧೈರ್ಯವಾಗಿ ಮತ್ತೆ ಹಾಕಿ, ತಡ ಏನೂ ಆಗಿಲ್ಲ. ಬೆಚ್ಚಗಿನ ಮಣ್ಣಲ್ಲಿ ಲೇಟಾಗಿ ಹಾಕಿದ್ದೇ ಎಷ್ಟೋ ಸಲ ಮುಂಚೆ ಹಾಕಿದ್ದನ್ನ ಹಿಂದೆ ಹಾಕತ್ತೆ. ಪೂರ್ತಿ ಬೀಜ ಒಂದೇ ದಿನ ಸುರೀಬೇಡಿ ಅಷ್ಟೇ, ಹತ್ತು ಹದಿನೈದು ದಿನ ಬಿಟ್ಟು ಬಿಟ್ಟು ಸ್ವಲ್ಪ ಸ್ವಲ್ಪ ಹಾಕಿದ್ರೆ ಹವಾಮಾನ ಒಂದು ಸಾಲು ಕೆಡಿಸಿದ್ರೂ ಇನ್ನೊಂದು ಉಳ್ಕೊಳತ್ತೆ.

ಪ್ರಶ್ನೆ: ರಾತ್ರಿ ಹಿಮ ಬಿದ್ದು ಎರಡೂ ಸಸಿಗಳ ತಲೆ ಕಪ್ಪಾಗಿದೆ. ಕಿತ್ತು ಹಾಕ್ಲಾ?

ಉತ್ತರ: ಬಟಾಣಿ ಕೀಳ್ಬೇಡಿ! ಎರಡೂ ಮೊಳಕೆ ಒಡೆಯೋ ರೀತಿ ಗಮನಿಸಿದ್ದೀರಾ? ಬೀನ್ಸ್ ಕತ್ತು ಬಗ್ಗಿಸ್ಕೊಂಡು ತನ್ನ ಎರಡು ಬೇಳೆನೂ ಹೊತ್ಕೊಂಡೇ ಮಣ್ಣಿಂದ ಮೇಲೆ ಬರತ್ತೆ, ಬಟಾಣಿ ಬೇಳೆ ಮಣ್ಣೊಳಗೇ ಉಳಿಸಿ ಬರೀ ಚಿಗುರು ಮೇಲಕ್ಕೆ ಕಳಿಸತ್ತೆ. ಹಾಗಾಗಿ ಮೇಲಿನ ಚಿಗುರು ಸುಟ್ಟರೂ, ಹಕ್ಕಿ ಕಿತ್ತರೂ ಬಟಾಣಿಗೆ ಕೆಳಗಿನ ಗಿಣ್ಣಿಂದ ಮತ್ತೆ ಚಿಗುರೋ ದಾರಿ ಇದೆ, ಒಂದು ವಾರ ಟೈಮ್ ಕೊಡಿ. ಬೀನ್ಸ್‌ಗೆ ಬೇಳೆಯಿಂದ ಕೆಳಗೆ ಮೊಗ್ಗೇ ಇಲ್ಲ, ಕಾಂಡ ಅಲ್ಲೇ ಮೆತ್ತಗಾಗಿದ್ರೆ ಅದು ಮತ್ತೆ ಏಳಲ್ಲ. ಮತ್ತೆ ಹಿಮದ ಸೂಚನೆ ಕಂಡ್ರೆ ಸಂಜೆನೇ ಹಳೇ ಬೆಡ್‌ಶೀಟ್ ಹೊದಿಸಿ, ಎಲೆಗೆ ತಾಗದ ಹಾಗೆ ಕಡ್ಡಿ ಕೊಟ್ಟು, ಬಿಸಿಲು ಬಂದ ಮೇಲೆ ತೆಗೀರಿ. ಒಂದು ಮಾತು, ಬಟಾಣಿ ಸಸಿ ಹಿಮ ತಡ್ಕೊಳತ್ತೆ ನಿಜ, ಆದ್ರೆ ಅದರ ಹೂ, ಕಾಯಿ ತಡ್ಕೊಳಲ್ಲ.

ಪ್ರಶ್ನೆ: ಥಂಡಿ ಹೋಗಿ ಇದ್ದಕ್ಕಿದ್ದಂಗೆ ಸೆಕೆ, ಹೂವೆಲ್ಲಾ ಉದುರ್ತಿದೆ. ಯೂರಿಯಾ ಕೊಡ್ಲಾ?

ಉತ್ತರ: ಬೇಡವೇ ಬೇಡ. ಬೇರಿನ ಗಂಟಲ್ಲಿರೋ ಬ್ಯಾಕ್ಟೀರಿಯಾನೇ ಸಾರಜನಕ ಒದಗಿಸ್ತಾವೆ, ನೀವು ಮೇಲಿಂದ ಸುರಿದ್ರೆ ಎಲೆ ಹುಲುಸಾಗತ್ತೆ, ಕಾಯಿ ಕಮ್ಮಿ. 30 ಡಿಗ್ರಿ ಹತ್ತಿರ ಹೋದ್ರೆ ಬಟಾಣಿ ಹೂ ನಿಲ್ಲಲ್ಲ, ಅದಕ್ಕಿಂತ ಜಾಸ್ತಿಯಾದ್ರೆ ಬೀನ್ಸ್‌ದೂ ಅದೇ ಕಥೆ. ಬುಡಕ್ಕೆ ಒಣ ಹುಲ್ಲು ಹಾಸಿ, ಬೆಳಿಗ್ಗೆ ನೀರು ಕೊಡಿ, ಮಧ್ಯಾಹ್ನ ನೆರಳು ಪರದೆ ಕಟ್ಟಿ. ಬೀನ್ಸ್ ಸೆಕೆ ಇಳಿದ ಮೇಲೆ ಮತ್ತೆ ಹೂ ಬಿಡತ್ತೆ. ಬಟಾಣಿ ಮಾತ್ರ ಬಿಸಿಲು ಹೀಗೇ ಮುಂದುವರಿದ್ರೆ ಮುಗಿದ ಹಾಗೇ, ಆಗ ಬುಡದಲ್ಲಿ ಕತ್ತರಿಸಿ, ಬೇರು ಮಣ್ಣಲ್ಲೇ ಬಿಡಿ.